ದಡ್ಡನಲ್ಲ, ಕಿವಿ ಮಂದ: ಮೈಸೂರಿನ ಸಂಸ್ಥೆಯೊಂದರ ಚರಿತ್ರೆ

ನಮ್ಮ ತಾರಿಹಾಳದ ಹುಡುಗನೊಬ್ಬ ಹೆಸರು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ದಡ್ಡನೆಂದು ತಿಳಿದು ನಾನೇ ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದೆ. ಕಿವಿ ಮಂದವೆಂದು ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಬಿ.ಎಡ್. ಪದವಿ ಪಡೆದ ನನ್ನ ಕಥೆಯೇ ಹೀಗೆ!

ಇಂಥವರ ಸಲುವಾಗಿ ಕೇಂದ್ರ ಸರ್ಕಾರವು 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಆರಂಭಿಸಿತು. ಮರುವರ್ಷ ಮಾನಸಗಂಗೋತ್ರಿಯಲ್ಲಿ ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರು ರಾಷ್ಟ್ರಪತಿ ರಾಧಾಕೃಷ್ಣನ್; ಒಂದು ಕಾಲಕ್ಕೆ ಮೈಸೂರಿನಲ್ಲೇ ಪಾಠ ಹೇಳಿದ ಮೇಷ್ಟ್ರು ಅವರು.

ಉಚ್ಚಾರ ದೋಷ ಅಳೆಯುವ ಇಂಗ್ಲಿಷ್ ಪರೀಕ್ಷೆಗಳು ನಮಗೆ ಸಾಲವು. ಇಂಗ್ಲಿಷಿನಲ್ಲಿ ನಮ್ಮ ಳಕಾರ, ಣಕಾರಗಳೆಲ್ಲಿವೆ? 1972ರಲ್ಲಿ ಬಾಬು, ರತ್ನ, ಬೆಟ್ಟಗೇರಿ ಎಂಬ ಮೂವರು ಸೇರಿ ಕನ್ನಡದ್ದೇ ಉಚ್ಚಾರ ಪರೀಕ್ಷೆಯನ್ನು ಪ್ರಕಟಿಸಿದರು. ಇವರಲ್ಲಿ ರತ್ನ ಎಂದರೆ ನಮ್ಮ ನಾಟಕಕಾರ ನ. ರತ್ನ ಅವರೇ, ಮುಂದೆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು.

ಇನ್ನು ನಮ್ಮ ಮನೆಗಳ ದಖನಿ ಉರ್ದುವಿನ ಮಾತು. ಉರ್ದು ಪುಸ್ತಕದ 'ಕಲಮ್' ನಮ್ಮ ಮಕ್ಕಳ ಬಾಯಲ್ಲಿ 'ಖಲಮ್' ಆಗುತ್ತದೆ. ಅದು ಮನೆಮಾತಿನ ರೂಢಿ, ದೋಷವಲ್ಲ. ಆದರೆ ಮಗು ಎಲ್ಲ ಕಕಾರಗಳನ್ನೂ ತಕಾರ ಮಾಡಿ ಐದು ವರ್ಷ ದಾಟಿದ ಮೇಲೂ 'ಕಾಗೆ'ಗೆ 'ತಾದೆ' ಎನ್ನುತ್ತಿದ್ದರೆ, ಮೊದಲು ಕಿವಿ ತೋರಿಸಿರಿ.

ಆ ಹುಡುಗ ಶ್ರವಣಯಂತ್ರ ಹಾಕಿಕೊಂಡು ಈಗ ಮುಂದಿನ ಬೆಂಚಿಗೆ ಬಂದಿದ್ದಾನೆ. ಹಾಜರಿ ಕರೆದಾಗ ಎಲ್ಲರಿಗಿಂತ ಜೋರು ದನಿ ಅವನದೇ.