ವಿಮಾನದ ಹೆಸರು, ರೇಡಿಯೋದ ಲೈಸೆನ್ಸು

ಕಾರ್ಕಳದ ನಮ್ಮ ನೆಂಟರ ಹುಡುಗನೊಬ್ಬ ಸಾಲ ಮಾಡಿ ಅಮೆರಿಕಕ್ಕೆ ಹೋಗಿ ಪೈಲಟ್ ಆಗಿ 2008ರಲ್ಲಿ ಊರಿಗೆ ಬಂದ. ಇಲ್ಲಿಯ ರೇಡಿಯೋ ಪರೀಕ್ಷೆ, ಅಂದರೆ ಆರ್‌ಟಿಆರ್, ಪಾಸಾಗದೆ ಕೆಲಸ ಇಲ್ಲ ಎಂದಾಯಿತು. "ಅಲ್ಲಿಯೂ ಇಂಗ್ಲಿಷಿನಲ್ಲೇ ಮಾತಾಡಿದ್ದಲ್ವಾ ಮಾವ, ಇಲ್ಲಿನ ಆಕಾಶ ಬೇರೆ ಉಂಟಾ?" ಎಂದು ಕೇಳಿದ. ಬ್ಯಾಂಕಿನ ಬಡ್ಡಿ ಪರೀಕ್ಷೆಗೆ ಕಾಯುವುದಿಲ್ಲವಲ್ಲ! ಅವನಿಗಾಗಿ ಹುಡುಕಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ತಂದಾಗ ಅವರ ಪುಟ್ಟ ವಿಮಾನದಲ್ಲಿ ರೇಡಿಯೋ ಇರಲೇ ಇಲ್ಲ. ತಮಾಷೆಯೆಂದರೆ ಆ ಹೊತ್ತಿಗೆ ವಿಮಾನಗಳಿಗೆ ರೇಡಿಯೋದ ಹೆಸರು ಮಾತ್ರ ಬಂದಾಗಿತ್ತು. 1927ರ ವಾಷಿಂಗ್ಟನ್ ರೇಡಿಯೋ ಸಮ್ಮೇಳನ ದೇಶದೇಶಗಳಿಗೆ ಕರೆಸಂಕೇತದ ಅಕ್ಷರ ಹಂಚಿತು. ಭಾರತಕ್ಕೆ ಸಿಕ್ಕ ಗೊಂಚಲು ವಿಟಿಯಿಂದ ವಿಡಬ್ಲ್ಯೂವರೆಗೆ. ಬಜ್ಪೆಯಲ್ಲಿ ಇಳಿಯುವ ನಮ್ಮ ವಿಮಾನಗಳ ಮೈಮೇಲಿನ 'ವಿಟಿ' ಅದೇ. ಹ್ಯಾಮ್ ಗೆಳೆಯರ 'ವಿಯು' ಕೂಡ ಅದೇ ಗೊಂಚಲಿನದು. (ವಿಟಿ ಅಂದರೆ 'ವೈಸ್‌ರಾಯ್ ಟೆರಿಟರಿ' ಅಂತ ಒಂದು ಫಾರ್ವರ್ಡ್ ಮೇಲ್ ಸುತ್ತುತ್ತಿತ್ತು, ನಂಬಬೇಡಿ. ಆಸ್ಟ್ರೇಲಿಯಾಕ್ಕೆ ವಿಎಚ್ ಬಂದದ್ದೂ ಅದೇ ಹಂಚಿಕೆಯಲ್ಲಿ.)

ಹೀಗೆ ಪ್ರತಿ ವಿಮಾನವೂ ಒಂದು ದೇಶದ ರೇಡಿಯೋ ಸ್ಟೇಷನ್ನು. 1944ರ ಶಿಕಾಗೋ ಒಪ್ಪಂದದ 30ನೇ ವಿಧಿ ಇದನ್ನೇ ಕಾನೂನು ಮಾಡಿತು: ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಲೈಸೆನ್ಸು ಇದ್ದವನೇ ಅದರ ರೇಡಿಯೋದಲ್ಲಿ ಮಾತಾಡಬೇಕು. ಹುಡುಗ ಅಮೆರಿಕದಲ್ಲಿ ಹಾರಿಸಿದ್ದು 'ಎನ್' ವಿಮಾನ. ಇಲ್ಲಿ ಹಾರಿಸಬೇಕಾದದ್ದು 'ವಿಟಿ' ವಿಮಾನ.

ಅಮೆರಿಕದ ರೇಡಿಯೋ ಪರ್ಮಿಟ್‌ಗೆ ಪರೀಕ್ಷೆಯೇ ಇಲ್ಲ ಮಾರಾಯ್ರೆ! ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಜೀವನಪೂರ್ತಿಗೆ ಆಯಿತು. ನಮ್ಮಲ್ಲಿ ಪರೀಕ್ಷಕರ ಎದುರು ಕೂತು ಇಡೀ ಹಾರಾಟದ ಮಾತುಕತೆ ಆಡಿ ತೋರಿಸಬೇಕು, ನಿಯಮ ಮತ್ತು ರೇಡಿಯೋದ ತತ್ವ ಕೇಳಿದರೆ ಹೇಳಬೇಕು. ಇದು ಅತಿಯಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಕಾಪು ದೀಪಸ್ತಂಭದ ಬೆಳಕನ್ನು 1901ರಿಂದ ಎಷ್ಟು ದೋಣಿಯವರು ಒಟ್ಟಿಗೆ ನೋಡಿದರೂ ಯಾರಿಗೂ ಅಡ್ಡಿಯಿಲ್ಲ. ವಿಮಾನದ ರೇಡಿಯೋದಲ್ಲಿ ಹಾಗಲ್ಲ, ಒಂದೇ ತರಂಗಾಂತರದಲ್ಲಿ ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕೇಳುವವನಿಗೆ ಬರುವುದು ಬರೀ ಕಿರುಚಾಟ. ಇಳಿಯಲು ಬರುತ್ತಿರುವವನ ಮಾತು ಅದರಲ್ಲಿ ಮುಳುಗಿದರೆ?

ವಿಚಿತ್ರ ಇದ್ದದ್ದು ಬಾಗಿಲು ಎರಡು ಎಂಬುದರಲ್ಲಿ. ಪೈಲಟ್ ಲೈಸೆನ್ಸು ವಿಮಾನಯಾನದ ಡಿಜಿಸಿಎಯದ್ದು. ರೇಡಿಯೋ ಪರೀಕ್ಷೆ ಮಾತ್ರ 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಗಳ ದೆಸೆಯಿಂದ ದೂರಸಂಪರ್ಕ ಇಲಾಖೆಯದ್ದು. ಅಲ್ಲಿ ಪಾಸಾದ ಕಾಗದ ಹಿಡಿದು ಮತ್ತೆ ಡಿಜಿಸಿಎಗೆ ಹೋಗಿ ಇನ್ನೊಂದು ರೇಡಿಯೋ ಲೈಸೆನ್ಸು ಪಡೆಯಬೇಕು. ತಂತಿ ಕಳಿಸುವ ಕಾಲದ ಕಾನೂನು ಪೈಲಟ್‌ನ ಬಾಯಿಗೂ ಅನ್ವಯ!

1934ರ ವಿಮಾನ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಂದು ಜಾರಿಯಾಯಿತು. ಅದರ ಪ್ರಕಾರ ರೇಡಿಯೋ ಪರೀಕ್ಷೆಯೂ ಡಿಜಿಸಿಎಯ ಪಾಲಿಗೆ ಬಂತು. ಬಾಗಿಲು ಒಂದಾಯಿತು, ಪರೀಕ್ಷೆ ಹಾಗೇ ಉಳಿಯಿತು.