ತಕರಾರು ಇದ್ದವರು ತಿಳಿಸತಕ್ಕದ್ದು

ದಿನಪತ್ರಿಕೆಯ ಒಳಪುಟಗಳಲ್ಲಿ, ಹರಾಜಿನ ಪ್ರಕಟಣೆಗಳಿಗೂ ಕಳೆದುಹೋದ ದಾಖಲೆಪತ್ರಗಳ ಜಾಹೀರಾತುಗಳಿಗೂ ನಡುವೆ, ಸಣ್ಣ ಅಕ್ಷರದ ಒಂದು ಚೌಕಟ್ಟು ಆಗಾಗ ಕಣ್ಣಿಗೆ ಬೀಳುತ್ತದೆ. ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಷ್ಟು ಸೆಂಟ್ಸ್ ಜಾಗವನ್ನು ವಸತಿ ವಲಯದಿಂದ ವಾಣಿಜ್ಯ ವಲಯಕ್ಕೆ ಬದಲಾಯಿಸಬೇಕೆಂದು ಅರ್ಜಿ ಬಂದಿದೆ; ತಕರಾರು ಇದ್ದವರು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು; ಇಷ್ಟೇ ಅದರ ಸಾರಾಂಶ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದುವುದಿಲ್ಲ. ಓದಿದವರಿಗೂ ಸರ್ವೆ ನಂಬರಿನಿಂದ ಜಾಗದ ಗುರುತು ಹತ್ತುವುದಿಲ್ಲ. ಆದರೂ ಮಂಗಳೂರಿನಂಥ ಊರಿನಲ್ಲಿ ನಾಳೆ ಎಲ್ಲಿ ಮನೆ ಇರಬೇಕು, ಎಲ್ಲಿ ಮಳಿಗೆ ಏಳಬೇಕು, ಎಲ್ಲಿ ನೀರು ಹರಿಯಬೇಕು ಎಂಬುದು ಬಹುಮಟ್ಟಿಗೆ ಈ ಚೌಕಟ್ಟಿನಲ್ಲಿಯೇ ತೀರ್ಮಾನವಾಗುತ್ತದೆ. ಆದುದರಿಂದ ಅದರ ಹಿಂದಿರುವ ಚರಿತ್ರೆಯನ್ನು ಸ್ವಲ್ಪ ನೋಡುವುದು ವ್ಯರ್ಥವಲ್ಲವೆಂದು ನನ್ನ ಎಣಿಕೆ.

ನಾನು ಭಾಷೆಯನ್ನು ಕಲಿಸುವವನಾದುದರಿಂದ ಮೊದಲು ಶಬ್ದಗಳತ್ತ ಗಮನ ಹೋಗುವುದು ಸಹಜ. ಅರ್ಜಿ, ಅಹವಾಲು, ತಕರಾರು, ಜಾಹೀರು, ಇವೆಲ್ಲ ಅರಬ್ಬಿ ಮೂಲದಿಂದ ಹೊರಟು, ಪಾರಸಿಯ ಮೂಲಕ ಕಚೇರಿಗೆ ಬಂದು ಕನ್ನಡವಾದ ಮಾತುಗಳು. ‘ಹಾಲ್’ ಎಂದರೆ ಸ್ಥಿತಿ. ಅದರ ಬಹುವಚನ ‘ಅಹವಾಲು’. ಅಹವಾಲು ಹೇಳಿಕೊಳ್ಳುವುದೆಂದರೆ ತನ್ನ ಸ್ಥಿತಿಗತಿಯನ್ನು ತಿಳಿಸುವುದು. ‘ತಕರಾರು’ ಎಂಬುದರ ಮೂಲಾರ್ಥ ಇನ್ನೂ ಸ್ವಾರಸ್ಯವಾಗಿದೆ: ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು. ಒಮ್ಮೆ ಹೇಳಿದರೆ ಕೇಳಿಸದವರ ಮುಂದೆ ಮತ್ತೊಮ್ಮೆ ಹೇಳಬೇಕಾಗುವುದೆಂಬ ಅನುಭವವು ಆ ಶಬ್ದದಲ್ಲಿಯೇ ಅಡಗಿದೆಯೋ ಏನೋ!

ಇರಲಿ. ಭೂಮಿಯನ್ನು ಉಪಯೋಗದ ಮೇಲೆ ವಿಂಗಡಿಸುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸತೇನೂ ಅಲ್ಲ. ತಗ್ಗಿನಲ್ಲಿ ನೀರಿನಾಶ್ರಯವಿದ್ದು ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿಗೂ ಒದಗುವ ಗದ್ದೆ ಬೈಲು. ಅದಕ್ಕಿಂತ ಮೇಲೆ ಎರಡು ಬೆಳೆಯದು ಮಜಲು. ಇನ್ನೂ ಮೇಲೆ, ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವುದು ಬೆಟ್ಟು. ವರ್ಗದ ಭೂಮಿಯಿಂದ ನೂರು ಗಜದೊಳಗಿನ ಸರಕಾರಿ ಬಂಜರಿನಲ್ಲಿ ಸೊಪ್ಪು, ಸೌದೆ, ಮೇವುಗಳಿಗೆ ಒಕ್ಕಲಿಗನಿಗೆ ಇದ್ದ ಸವಲತ್ತೇ ಕುಮ್ಕಿ. ಯಾವ ನಕ್ಷೆಯನ್ನೂ ಬರೆಯದೆ, ನೀರು ಹರಿಯುವ ದಾರಿಯನ್ನು ನೋಡಿ ನೆಲವನ್ನು ವಲಯಗಳಾಗಿ ಹಂಚಿಕೊಂಡ ವ್ಯವಸ್ಥೆಯಿದು. ಊರಿನ ಹೆಸರುಗಳಲ್ಲಿ ಅದರ ಗುರುತು ಇಂದಿಗೂ ಇದೆ: ಕೊಡಿಯಾಲಬೈಲು, ಮಣ್ಣಗುಡ್ಡೆ, ಪದವಿನಂಗಡಿ, ಗುಜ್ಜರಕೆರೆ. ಬೈಲು ಮಣ್ಣು ತುಂಬಿ ಮಾಯವಾದರೂ ಹೆಸರು ಉಳಿದಿದೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ನಗರದ ತಗ್ಗು ಪ್ರದೇಶಗಳೆಲ್ಲ ನೀರಿನಲ್ಲಿ ನಿಂತಾಗ, ನೀರು ತನ್ನ ಹಳೆಯ ವಿಂಗಡಣೆಯನ್ನು ಮರೆತಿಲ್ಲವೆಂದು ನಮಗೆ ತಿಳಿಯಿತು.

ಇನ್ನು ಅಹವಾಲಿನ ವಿಷಯ. ನೆಲದ ಬಗ್ಗೆ ಜನರು ಸರಕಾರದ ಮುಂದೆ ಸಾಮೂಹಿಕವಾಗಿ ಮಾತೆತ್ತಿದ ದೊಡ್ಡ ಸಂದರ್ಭವೊಂದು ಮಂಗಳೂರಿನ ಚರಿತ್ರೆಯಲ್ಲಿದೆ. ಅದನ್ನು ಕರೆದವರು ಅಧಿಕಾರಿಗಳಲ್ಲ, ರೈತರೇ. 1799ರಲ್ಲಿ ಕನ್ನಡ ಜಿಲ್ಲೆ ಕುಂಪಣಿಯ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. 1819-20ರಲ್ಲಿ ‘ಥರಾವು’ ಎಂಬ ಹೆಸರಿನಿಂದ ತೀರ್ವೆಯನ್ನು ನಿಷ್ಕರ್ಷಿಸಿದರು. ಮುಂದಿನ ದಶಕದಲ್ಲಿ ಬೆಳೆಯ ಬೆಲೆ ಇಳಿಯಿತು, ತೀರ್ವೆ ಇಳಿಯಲಿಲ್ಲ. 1830ರ ಕೊನೆಯಲ್ಲಿ ರೈತರು ಊರೂರುಗಳಲ್ಲಿ ಗುಂಪುಗೂಡಿದರು. ಆ ಸಭೆಗಳಿಗೆ ಅವರಿಟ್ಟ ಹೆಸರು ‘ಕೂಟ’. 1831ರ ಆರಂಭದ ಹೊತ್ತಿಗೆ ಕದ್ರಿಯ ಮಂಜುನಾಥ ದೇವಸ್ಥಾನದ ಆವರಣವು ಆ ಕೂಟಗಳ ಕೇಂದ್ರವಾಗಿತ್ತು. ಅವರು ಹಿಡಿದುದು ಆಯುಧವನ್ನಲ್ಲ, ಅರ್ಜಿಯನ್ನು. ಕೇಳಿದುದು ತಮ್ಮ ಸ್ಥಿತಿಯನ್ನು ವಿಚಾರಿಸಿ ತೀರ್ವೆಯನ್ನು ತಗ್ಗಿಸಬೇಕೆಂದು. ಮಾಡಿದುದು, ಅಲ್ಲಿಯವರೆಗೆ ಹಣ ಕಟ್ಟುವುದಿಲ್ಲವೆಂದು ಕುಳಿತುಕೊಂಡುದು.

ಸರಕಾರಿ ಕಾಗದಪತ್ರಗಳಲ್ಲಿ ಇದು ಗಲಭೆಯೆಂದೇ ನಮೂದಾಯಿತು. ಮದರಾಸಿನ ರೆವಿನ್ಯೂ ಬೋರ್ಡು ಸ್ಟೋಕ್ಸ್ ಎಂಬ ಅಧಿಕಾರಿಯನ್ನು ವಿಚಾರಣೆಗೆ ಕಳುಹಿಸಿತು. 1833ರಲ್ಲಿ ಬಂದ ಅವನ ವರದಿ ರೈತರ ಪಕ್ಷದಲ್ಲಿರಲಿಲ್ಲ. ತೀರ್ವೆ ಒಟ್ಟಿನಲ್ಲಿ ಹಗುರವೇ, ಕೂಟಗಳ ಹಿಂದೆ ಕಚೇರಿಯೊಳಗಿನ ಒಳಸಂಚೂ ಇತ್ತು ಎಂಬುದು ಅವನ ಅಭಿಪ್ರಾಯ. ಅದು ನ್ಯಾಯವೋ ಅನ್ಯಾಯವೋ ಎಂಬುದು ಬೇರೆ ಚರ್ಚೆ. ನಾನು ಇಲ್ಲಿ ಎತ್ತಿ ಹೇಳಬೇಕೆಂದಿರುವುದು ಒಂದೇ ಮಾತು: ಆ ಜನರಿಗೆ ಒಂದು ಉತ್ತರ ದೊರೆಯಿತು. ಅಹಿತವಾದ ಉತ್ತರವೇ ಆದರೂ ಕಾರಣಗಳನ್ನು ಕೊಟ್ಟು ಬರೆದ ಉತ್ತರ. ಇಂದಿಗೂ ಅದನ್ನು ಮುಂದಿಟ್ಟುಕೊಂಡು ಸರಿ ತಪ್ಪುಗಳನ್ನು ವಿವೇಚಿಸಲು ಸಾಧ್ಯವಿದೆ.

ಕೂಟದ ಮೇಲೆ ಕಾಯಿದೆಯ ಕಾಲ ಬಂತು. 1894ರ ಭೂಸ್ವಾಧೀನ ಕಾಯಿದೆ ಮೊದಲು ಹೊರಬಂದಾಗ, ಸ್ವಾಧೀನವೇ ಬೇಡವೆನ್ನುವವನ ಮಾತನ್ನು ಕೇಳುವ ಕಟ್ಟಳೆ ಅದರಲ್ಲಿರಲಿಲ್ಲ. ಪರಿಹಾರದ ಮೊತ್ತದ ಬಗ್ಗೆ ಮಾತ್ರ ವಾದಿಸಬಹುದಾಗಿತ್ತು. 1923ರ ತಿದ್ದುಪಡಿಯಿಂದ 5-ಎ ಎಂಬ ಕಲಮು ಸೇರಿದ ಮೇಲೆ, ಭೂಮಿಯಲ್ಲಿ ಹಿತಸಂಬಂಧವುಳ್ಳವನು ಲಿಖಿತವಾಗಿ ಆಕ್ಷೇಪಿಸಬಹುದು, ಕಲೆಕ್ಟರನು ಅವನನ್ನಾಗಲಿ ಅವನ ವಕೀಲನನ್ನಾಗಲಿ ಖುದ್ದಾಗಿ ಕೇಳಬೇಕು ಎಂದಾಯಿತು. ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೂಟವು ಇಲ್ಲಿ ಒಬ್ಬೊಬ್ಬ ಅರ್ಜಿದಾರನಾಗಿ ಒಡೆಯಿತು. ಭೂಮಿಯಿದ್ದವನಿಗೆ ಬಾಯಿ ಬಂತು. ಆ ಭೂಮಿಯ ಪಕ್ಕದ ತೋಡಿನ ನೀರನ್ನು ನಂಬಿದ ನೆರೆಯವನಿಗೆ ಬರಲಿಲ್ಲ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಎದ್ದು, 1974ರ ಮೇ 4ರಂದು ದೇಶದ ಪ್ರಮುಖ ಬಂದರುಗಳಲ್ಲೊಂದೆಂದು ಘೋಷಿತವಾಯಿತು. ಅದಕ್ಕಾಗಿ ಮನೆಮಠಗಳನ್ನು ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಸಿಕ್ಕಿತು. ಬಂದರಿನಿಂದ ಜಿಲ್ಲೆಗಾದ ಪ್ರಯೋಜನವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಊರಿಗೆ ಊರೇ ಎದ್ದು ಹೋಗುವಾಗ, ಅದನ್ನು ಊರಾಗಿ ಕುಳ್ಳಿರಿಸಿ ಕೇಳುವ ಕಟ್ಟಳೆ ಆ ಕಾಯಿದೆಯಲ್ಲಿರಲಿಲ್ಲ.

ಪಟ್ಟಣದ ಯೋಜನೆಯ ಕಾಯಿದೆಗಳದು ಇನ್ನೊಂದು ಕವಲು. ಮುಂಬಯಿ ಪ್ರಾಂತದಲ್ಲಿ 1915ರಲ್ಲಿಯೂ ನಮ್ಮ ಮದರಾಸು ಪ್ರಾಂತದಲ್ಲಿ 1920ರಲ್ಲಿಯೂ ಅವು ಬಂದವು. ಯೋಜನೆಯ ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂಬ ತತ್ತ್ವ ಅಲ್ಲಿಂದಲೇ ನಮಗೆ ಪರಿಚಿತವಾದುದು. ರಾಜ್ಯಗಳ ಪುನರ್ವಿಂಗಡಣೆಯ ನಂತರ 1961ರ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಇಡೀ ರಾಜ್ಯಕ್ಕೆ ಅನ್ವಯಿಸಿತು. ಅದು ಜಾರಿಗೆ ಬಂದುದು 1965ರಲ್ಲಿ. ನಗರದ ಸಮಗ್ರ ನಕ್ಷೆಯನ್ನು ಸಿದ್ಧಪಡಿಸಿದ ಮೇಲೆ ಅದನ್ನು ಜನರ ಮುಂದಿಡಬೇಕು. ಬರವಣಿಗೆಯಲ್ಲಿ ಬಂದ ಅಭಿಪ್ರಾಯಗಳನ್ನು ಪರಿಶೀಲಿಸಬೇಕು. 1991ರಲ್ಲಿ ಇದೇ ಕಾಯಿದೆಗೆ 14-ಎ ಕಲಮು ಸೇರಿತು. ಒಮ್ಮೆ ನಿಶ್ಚಿತವಾದ ನಕ್ಷೆಯಲ್ಲಿ ತುಂಡು ತುಂಡಾಗಿ ಬದಲಾವಣೆ ಮಾಡುವ ದಾರಿಯಿದು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು, ಬೇರೆ ಕಾನೂನಿಗೆ ವಿರುದ್ಧವಾಗಿರಬಾರದು, ಪ್ರಸ್ತಾಪವನ್ನು ಸ್ಥಳೀಯ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಹದಿನೈದು ದಿನಗಳಿಗೆ ಕಡಮೆಯಿಲ್ಲದ ಅವಧಿ ಕೊಡಬೇಕು, ಎಂಬ ಷರತ್ತುಗಳಿವೆ. ಆರಂಭದಲ್ಲಿ ಹೇಳಿದ ಸಣ್ಣ ಚೌಕಟ್ಟಿನ ಜಾತಕ ಇದೇ.

ಇಲ್ಲಿ ಒಂದು ಲಾಭವನ್ನು ಮರೆಯಲಾಗದು. ಈ ಪ್ರಕಟಣೆಗೆ ಉತ್ತರ ಬರೆಯಲು ನೀವು ಆ ಭೂಮಿಯ ಒಡೆಯರಾಗಿರಬೇಕಾಗಿಲ್ಲ. ಅದೇ 1991ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಒಂದು ಮೊಕದ್ದಮೆಯಲ್ಲಿ ಈ ತತ್ತ್ವವನ್ನೇ ಗಟ್ಟಿಗೊಳಿಸಿತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಟ್ಟಿದ್ದರು. ಪ್ರಶ್ನಿಸಿದವರು ಆ ಬಡಾವಣೆಯ ನಿವಾಸಿಗಳು. ನಿಮಗೇನು ಸಂಬಂಧ ಎಂಬ ವಾದ ನಿಲ್ಲಲಿಲ್ಲ, ಮಂಜೂರಾತಿ ಬಿದ್ದುಹೋಯಿತು. ಊರಿನ ನೆಲದಲ್ಲಿ ಊರವನಿಗೂ ಹಿತಸಂಬಂಧವುಂಟು ಎಂದು ಕದ್ರಿಯ ಕೂಟದವರಿಗೆ ತಿಳಿದಿದ್ದ ಮಾತು, ನೂರ ಅರುವತ್ತು ವರ್ಷಗಳ ಮೇಲೆ ನ್ಯಾಯಾಲಯದ ಭಾಷೆಯಲ್ಲಿ ಹೊರಬಂದಿತು.

ಕೂಟಕ್ಕೆ ಹತ್ತಿರವಾದುದು ಮತ್ತೆ ಬಂದುದು ಪರಿಸರದ ಹೆಸರಿನಲ್ಲಿ. 1997ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು ದೊಡ್ಡ ಉದ್ಯಮಗಳಿಗೆ ಅನುಮತಿ ಕೊಡುವ ಮುನ್ನ ಸಾರ್ವಜನಿಕ ಅಹವಾಲು ಸಭೆಯನ್ನು ಕಡ್ಡಾಯ ಮಾಡಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಆ ಕ್ರಮವನ್ನು ವಿಸ್ತರಿಸಿತು: ಮೂವತ್ತು ದಿನಗಳ ಮುಂಚೆ ಪ್ರಕಟಣೆ, ಯೋಜನೆಯ ಸ್ಥಳದಲ್ಲಿ ಅಥವಾ ಸಮೀಪದಲ್ಲಿ ಸಭೆ, ಎಲ್ಲವೂ ಚಿತ್ರೀಕರಣವಾಗಬೇಕು, ಕೊನೆಗೆ ನಡಾವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಬೇಕು. ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲಿ ಸಂಕಟವನ್ನು ಹೇಳಿ, ಕನ್ನಡದಲ್ಲಿ ಅರ್ಜಿ ಬರೆದು, ಇಂಗ್ಲಿಷಿನ ವರದಿಗೆ ಉತ್ತರ ಕೊಡಬೇಕಾದ ನಮ್ಮ ಜಿಲ್ಲೆಯಲ್ಲಿ ಈ ಕೊನೆಯ ನಿಯಮದ ಬೆಲೆ ಸಣ್ಣದಲ್ಲ. ಆದರೆ ನಗರದ ಕಟ್ಟಡಗಳಿಗೆ ಈ ಸಭೆಯ ಕಟ್ಟುಪಾಡಿಲ್ಲ. ಅಧಿಸೂಚನೆಯೇ ಅವನ್ನು ಹೊರಗಿಟ್ಟಿದೆ. ಕಾರ್ಖಾನೆಯ ನೆರೆಯವನಿಗೆ ಸಭೆಯುಂಟು, ಬಹುಮಹಡಿಯ ನೆರೆಯವನಿಗೆ ಹದಿನೈದು ದಿನದ ಚೌಕಟ್ಟು ಮಾತ್ರ.

ಮಾತು ಫಲಿಸಿದ ಉದಾಹರಣೆಯೂ ಇದೆ. ಮಂಗಳೂರು ವಿಶೇಷ ಆರ್ಥಿಕ ವಲಯದ ಎರಡನೆಯ ಹಂತಕ್ಕೆಂದು ಕುತ್ತೆತ್ತೂರು, ಪೆರ್ಮುದೆ, ತೆಂಕ ಎಕ್ಕಾರು ಮೊದಲಾದೆಡೆ ಗುರುತಿಸಿದ್ದ ಎರಡು ಸಾವಿರ ಎಕರೆಗೂ ಮಿಕ್ಕಿದ ಭೂಮಿಯನ್ನು 2011ರಲ್ಲಿ ಸರಕಾರ ಕೈಬಿಟ್ಟಿತು. ಅಲ್ಲಿ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯನ್ವಯ ಆಕ್ಷೇಪಣೆಯ ವಿಚಾರಣೆಗೆ ಅವಕಾಶವಿತ್ತು. ಆದರೂ ಫಲಿಸಿದುದು ಆ ವಿಚಾರಣೆಯಲ್ಲ, ಅದರ ಹೊರಗೆ ವರ್ಷಗಟ್ಟಲೆ ನಡೆದ ಹೋರಾಟ. ಹೊಸ ಕಾಲದ ಕೂಟವೆನ್ನಬಹುದಾದುದು. ಇದನ್ನು ಗೆಲುವೆಂದು ಕೊಂಡಾಡುವುದಕ್ಕಿಂತ, ವಿಚಾರಣೆಯ ಕೊಠಡಿಯಲ್ಲಿ ಮುಗಿಯಬೇಕಾದ ಕೆಲಸ ಬೀದಿಗೆ ಏಕೆ ಬಂತೆಂದು ಕೇಳುವುದು ಲೇಸು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಊರು ಬೆಳೆಯದೆ ನಿಲ್ಲದು. ತನ್ನ ಜಾಗದಲ್ಲಿ ಮಳಿಗೆ ಕಟ್ಟಬೇಕೆನ್ನುವವನದು ಅಪರಾಧವಲ್ಲ. ತಕರಾರಿನ ಹೆಸರಿನಲ್ಲಿ ಹಳೆಯ ಹಗೆಯನ್ನು ತೀರಿಸಿಕೊಳ್ಳುವವರೂ, ತಮ್ಮ ಮನೆಯಾದ ಮೇಲೆ ಮತ್ತೊಬ್ಬರದು ಬೇಡವೆನ್ನುವವರೂ ಇಲ್ಲದಿಲ್ಲ. ಎಲ್ಲ ಆಕ್ಷೇಪಣೆಗಳನ್ನೂ ಒಪ್ಪಬೇಕೆಂದು ಯಾರೂ ಹೇಳುವುದಿಲ್ಲ. ಒಪ್ಪದಿರಲು ಅಧಿಕಾರಿಗೆ ಹಕ್ಕಿದೆ. ಆದರೆ ಏಕೆ ಒಪ್ಪಲಿಲ್ಲವೆಂದು ಹೇಳುವ ಹೊಣೆ ಆ ಹಕ್ಕಿನ ಜೊತೆಗೇ ಹುಟ್ಟುತ್ತದೆ.

ಎರಡು ಶತಮಾನಗಳ ಈ ಕಥೆಯಲ್ಲಿ ಮಾತಾಡುವ ಅವಕಾಶ ಹಂತಹಂತವಾಗಿ ಹಿಗ್ಗಿದೆ: ಮೊದಲು ಯಾರಿಗೂ ಇರಲಿಲ್ಲ, ಆಮೇಲೆ ಒಡೆಯನಿಗೆ, ಆಮೇಲೆ ನೆರೆಯವನಿಗೆ, ಈಗ ಯಾರಿಗಾದರೂ. ಹಿಗ್ಗದಿರುವುದು ಉತ್ತರ. ‘ಆಕ್ಷೇಪಣೆಗಳನ್ನು ಪರಿಶೀಲಿಸಲಾಗಿದೆ’ ಎಂಬ ಒಂದು ಸಾಲು ಉತ್ತರವಲ್ಲ, ಅದು ಮೊಹರು. ಇಂಥ ಆಕ್ಷೇಪಣೆ ಬಂತು, ಇಂಥ ಕಾರಣಕ್ಕಾಗಿ ಅದನ್ನು ಒಪ್ಪಿದೆವು ಅಥವಾ ಬಿಟ್ಟೆವು ಎಂದು, ಪ್ರಕಟಣೆ ಬಂದ ಪತ್ರಿಕೆಯಲ್ಲಿಯೇ, ಅದೇ ಅಳತೆಯ ಚೌಕಟ್ಟಿನಲ್ಲಿ ಅಚ್ಚಾದರೆ ಸಾಕು. ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ. 1833ರಲ್ಲಿ ಪರಕೀಯ ಸರಕಾರವು ಕೂಟದ ರೈತರ ವಿಷಯದಲ್ಲಿ ಮಾಡಿದುದನ್ನು ನಮ್ಮದೇ ಸರಕಾರವು ನಮ್ಮ ವಿಷಯದಲ್ಲಿ ಮಾಡಲಾರದೆ?

ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸವೂ ಇದೆ. ಆ ಸಣ್ಣ ಅಕ್ಷರವನ್ನು ಓದಬೇಕು; ಸರ್ವೆ ನಂಬರು ಯಾವ ಓಣಿಯದೆಂದು ವಿಚಾರಿಸಬೇಕು; ಬೈಲಿನಲ್ಲಿ ನೀರು ಯಾವ ಕಡೆ ಹರಿಯುತ್ತಿತ್ತೆಂದು ಬಲ್ಲ ಹಿರಿಯರನ್ನು ಕೇಳಬೇಕು; ಬರೆದು ಕೊಟ್ಟ ಕಾಗದಕ್ಕೆ ರಶೀದಿ ಪಡೆಯಬೇಕು. ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯಬೇಕು. ತಕರಾರು ಎಂಬ ಶಬ್ದದ ಅರ್ಥವೇ ಅದು.