ಫೈಬ್ರೊಮಯಾಲ್ಜಿಯಾ: ರಿಪೋರ್ಟಿನಲ್ಲಿ ಕಾಣದ ನೋವಿಗೆ ಲೆಕ್ಕ ಇಡುವ ಬಗೆ

ಮೈಯ ಹಲವು ಕಡೆ ತಿಂಗಳುಗಟ್ಟಲೆ ಬಿಡದೆ ಕಾಡುವ ನೋವು, ಮಲಗಿ ಎದ್ದರೂ ಇಳಿಯದ ಸುಸ್ತು, ಕೈಗೆತ್ತಿಕೊಂಡ ಕೆಲಸವೇ ಮರೆತುಹೋಗುವಂಥ ಮಂಕು. ಈ ಮೂರೂ ಒಟ್ಟಿಗೆ ಬಂದು ನೆಲೆಸುವ ಕಾಯಿಲೆಯೇ ಫೈಬ್ರೊಮಯಾಲ್ಜಿಯಾ. ಇದರಲ್ಲಿ ಕೀಲು ಊದುವುದಿಲ್ಲ, ಮೂಳೆ ಸವೆಯುವುದಿಲ್ಲ. ರಕ್ತಪರೀಕ್ಷೆ, ಎಕ್ಸ್-ರೇ ಎರಡೂ ಸರಿಯಾಗಿಯೇ ಬರುತ್ತವೆ. ಬೇರೆ ಬೇರೆ ದೇಶಗಳ ಸಮೀಕ್ಷೆಗಳ ಪ್ರಕಾರ ನೂರು ಮಂದಿಯಲ್ಲಿ ಸುಮಾರು 2ರಿಂದ 4 ಮಂದಿಗೆ ಇದು ಇರುತ್ತದೆ. ಹೆಂಗಸರಲ್ಲಿ ಹೆಚ್ಚು, ಆದರೆ ಗಂಡಸರಿಗೆ ಬರುವುದೇ ಇಲ್ಲವೆಂದಲ್ಲ.

ಬದನವಾಳಿನಂಥ ಊರಿನಲ್ಲಿ

ನಂಜನಗೂಡು ತಾಲ್ಲೂಕಿನ ಬದನವಾಳು ಹೆಸರಾಗಿರುವುದು ಖಾದಿಗೆ. 1927ರಷ್ಟು ಹಿಂದಿನ ಇಲ್ಲಿಯ ಖಾದಿ ಕೇಂದ್ರಕ್ಕೆ ಗಾಂಧೀಜಿ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಬದನವಾಳು ಸತ್ಯಾಗ್ರಹ ಊರಿನ ಹೆಸರನ್ನು ಮತ್ತೆ ನಾಡಿಗೆಲ್ಲ ಮುಟ್ಟಿಸಿತು. ಕೇಂದ್ರದಲ್ಲಿ ನೂಲುವವರು, ನೇಯುವವರು ಹೆಚ್ಚಾಗಿ ಹೆಂಗಸರೇ. ಚರಕದ ಮುಂದೆ ದಿನವಿಡೀ ಕೂತವರಿಗೆ ಕತ್ತು, ಭುಜ ನೋಯುವುದು ಸಹಜ. ಸುತ್ತಲಿನ ಗದ್ದೆಗಳಲ್ಲಿ ಬಗ್ಗಿ ನಾಟಿ ಹಾಕುವವರಿಗೆ ಸೊಂಟ ನೋಯುವುದೂ ಅಷ್ಟೇ ಸಹಜ. ತೊಂದರೆ ಇರುವುದೇ ಇಲ್ಲಿ. ದುಡಿಮೆಯ ನೋವು ಎಲ್ಲರಿಗೂ ಇರುವ ಕಡೆ ಕಾಯಿಲೆಯ ನೋವನ್ನು ಬೇರ್ಪಡಿಸಿ ನೋಡುವವರು ಕಡಿಮೆ. ‘ಮೈಯೆಲ್ಲಾ ಜಜ್ಜಿದಂಗಾಗುತ್ತೆ ಡಾಕ್ಟ್ರೇ’ ಎಂದು ಹೇಳಿಕೊಂಡವರಿಗೆ ಒಂದು ಸೂಜಿ, ನಾಲ್ಕು ಗುಳಿಗೆ, ‘ಕೆಲಸ ಕಮ್ಮಿ ಮಾಡಮ್ಮ’ ಎಂಬ ಮಾತು. ಮರುತಿಂಗಳು ಮತ್ತೆ ಅದೇ.

ನೋವು ಹುಟ್ಟುವುದು ಎಲ್ಲಿ

ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ 2017ರಲ್ಲಿ ನೋವಿನ ಮೂರನೆಯ ಬಗೆಯೊಂದನ್ನು ಒಪ್ಪಿಕೊಂಡಿತು. ಗಾಯದಿಂದ ಬರುವ ನೋವು ಒಂದು, ನರಕ್ಕೇ ಪೆಟ್ಟಾಗಿ ಬರುವುದು ಇನ್ನೊಂದು. ಮೂರನೆಯದರಲ್ಲಿ ಗಾಯವೂ ಇಲ್ಲ, ನರದ ಹಾನಿಯೂ ಇಲ್ಲ. ಬೆನ್ನುಹುರಿ ಮತ್ತು ಮೆದುಳು ನೋವಿನ ಸುದ್ದಿಯನ್ನು ಸಂಭಾಳಿಸುವ ಕ್ರಮವೇ ಬದಲಾಗಿರುತ್ತದೆ. ಫೈಬ್ರೊಮಯಾಲ್ಜಿಯಾದ ನೋವು ಈ ಬಗೆಯದು. ಬೇರೆಯವರಿಗೆ ಬರೀ ಒತ್ತಿದಂತೆ ಅನಿಸುವುದು ಈ ಕಾಯಿಲೆ ಇರುವವರಿಗೆ ನೋವಾಗಿಯೇ ಮುಟ್ಟುತ್ತದೆ. ಹೆಬ್ಬೆರಳಿನ ಉಗುರನ್ನು ಒತ್ತುತ್ತ ಮೆದುಳಿನ ಸ್ಕ್ಯಾನ್ ತೆಗೆದ ಪ್ರಯೋಗಗಳಲ್ಲಿ ಇದು ಕಂಡುಬಂದಿದೆ. ಆದ್ದರಿಂದ ‘ಎಲ್ಲಾ ಮನಸ್ಸಿನ ಭ್ರಮೆ’ ಎನ್ನುವುದು ತಪ್ಪು.

ಒತ್ತಿ ನೋಡುವುದರಿಂದ ಕೇಳಿ ತಿಳಿಯುವುದಕ್ಕೆ

1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಈ ಕಾಯಿಲೆ ಗುರುತಿಸಲು ತನ್ನ ಮೊದಲ ಮಾನದಂಡ ಹೊರಡಿಸಿತು. ಮೈಮೇಲೆ ಗುರುತಿಸಿದ 18 ಜಾಗಗಳನ್ನು ಸುಮಾರು 4 ಕಿಲೋ ಬಲದಿಂದ ಬೆರಳಲ್ಲಿ ಒತ್ತಬೇಕು, 11 ಕಡೆಯಾದರೂ ನೋಯಬೇಕು. ಹಳ್ಳಿಯ ಆಸ್ಪತ್ರೆ ಇರಲಿ, ಪಟ್ಟಣದ ವೈದ್ಯರಿಗೂ ಇದು ಕೈಹಿಡಿಯಲಿಲ್ಲ. ಒಬ್ಬರು ಮೆಲ್ಲಗೆ ಒತ್ತಿದರೆ ಇನ್ನೊಬ್ಬರು ಗಟ್ಟಿಯಾಗಿ ಒತ್ತುತ್ತಿದ್ದರು. ಸುಸ್ತು, ನಿದ್ದೆಗಳ ಮಾತು ಮಾನದಂಡದಲ್ಲಿ ಇರಲೇ ಇಲ್ಲ. 2010ರಲ್ಲಿ ಒತ್ತುವುದನ್ನು ಬಿಟ್ಟು ಕೇಳುವುದನ್ನು ತಂದರು. 2016ರಲ್ಲಿ ಅದನ್ನು ತಿದ್ದಿದರು. ಈಗ ನಡೆಯುವ ಲೆಕ್ಕ ಇದು.

ಮೈಯನ್ನು 19 ಭಾಗ ಮಾಡಿಕೊಂಡು, ಕಳೆದ 7 ದಿನಗಳಲ್ಲಿ ಎಷ್ಟು ಭಾಗ ನೋಯಿತು ಎಂದು ಎಣಿಸಬೇಕು. ಇದು ನೋವಿನ ಅಂಕ. ಎರಡನೆಯದು ತೀವ್ರತೆಯ ಅಂಕ: ಸುಸ್ತು, ಎದ್ದಾಗಿನ ಆಯಾಸ, ಮರೆವು–ಮಂಕು ಇವಕ್ಕೆ ತಲಾ 0ರಿಂದ 3, ಕಳೆದ 6 ತಿಂಗಳಲ್ಲಿ ತಲೆನೋವು, ಕೆಳಹೊಟ್ಟೆಯ ನುಲಿತ, ಖಿನ್ನತೆ ಇದ್ದರೆ ತಲಾ 1. ಒಟ್ಟು 12. ನೋವಿನ ಅಂಕ 7ಕ್ಕೆ ಕಡಿಮೆಯಿಲ್ಲದೆ ತೀವ್ರತೆ 5 ಮುಟ್ಟಬೇಕು, ಇಲ್ಲವೇ ನೋವು 4ರಿಂದ 6 ಇದ್ದು ತೀವ್ರತೆ 9 ಮುಟ್ಟಬೇಕು. ಜೊತೆಗೆ ಮೈಯ ಐದು ವಲಯಗಳಲ್ಲಿ (ಎಡ ಮೇಲ್ಭಾಗ, ಬಲ ಮೇಲ್ಭಾಗ, ಎಡ ಕೆಳಭಾಗ, ಬಲ ಕೆಳಭಾಗ, ಕತ್ತು–ಬೆನ್ನಿನ ನಡುಭಾಗ) ನಾಲ್ಕರಲ್ಲಾದರೂ ನೋವಿರಬೇಕು. ಇಷ್ಟೂ 3 ತಿಂಗಳಿಂದ ನಡೆದು ಬಂದಿರಬೇಕು.

ಇಬ್ಬರು ನೂಲುವ ಹೆಂಗಸರನ್ನು ಊಹಿಸಿಕೊಳ್ಳಿ. ಮೊದಲನೆಯವರಿಗೆ ಕತ್ತು, ಬೆನ್ನಿನ ಮೇಲ್ಭಾಗ, ಬಲ ಭುಜ, ಬಲ ತೋಳು, ಬಲ ಮುಂಗೈ ನೋಯುತ್ತವೆ. ನೋವಿನ ಅಂಕ 5, ಆದರೆ ವಲಯ ಎರಡೇ. ತೀವ್ರತೆ ಎಷ್ಟೇ ಬರಲಿ, ಇದು ಫೈಬ್ರೊಮಯಾಲ್ಜಿಯಾ ಅಲ್ಲ. ಕೂರುವ ಭಂಗಿಯನ್ನೂ ಚರಕದ ಎತ್ತರವನ್ನೂ ಮೊದಲು ನೋಡಬೇಕು. ಎರಡನೆಯವರಿಗೆ ಕತ್ತು, ಎರಡೂ ಭುಜ, ಬೆನ್ನು, ಸೊಂಟ, ಎರಡೂ ತೊಡೆ, ಎರಡೂ ಮೀನಖಂಡ. ಅಂಕ 9, ವಲಯ ಐದಕ್ಕೆ ಐದು. ಸುಸ್ತು 2, ಎದ್ದಾಗಿನ ಆಯಾಸ 3, ಮಂಕು 1, ತಲೆನೋವಿಗೆ 1: ತೀವ್ರತೆ 7. ಮೂರು ತಿಂಗಳು ದಾಟಿದ್ದರೆ ರೋಗ ಗುರುತಾಯಿತು. ಇಷ್ಟಕ್ಕೆ ಬೇಕಾದದ್ದು ಒಂದು ಹಾಳೆ, ಹತ್ತು ನಿಮಿಷದ ವ್ಯವಧಾನ. ಎರಡನೆಯದೇ ನಮ್ಮ ಹೊರರೋಗಿ ವಿಭಾಗಗಳಲ್ಲಿ ದುರ್ಲಭ.

ಜೊತೆಗೆ ನೋಡಬೇಕಾದವು

ಇದೇ ವೇಷದಲ್ಲಿ ಬರುವ ಬೇರೆ ಕಾಯಿಲೆಗಳಿವೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ವಿಟಮಿನ್ ಡಿ ಕೊರತೆ, ಆಮವಾತ, ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಗುಳಿಗೆಗಳಿಂದಾಗುವ ಸ್ನಾಯುನೋವು. ಕರ್ನಾಟಕದಲ್ಲಿ ಚಿಕೂನ್‌ಗುನ್ಯವನ್ನು ಮರೆಯುವಂತಿಲ್ಲ. 2006ರ ಅಲೆಯಲ್ಲಿ ಲಕ್ಷಾಂತರ ಜನ ಮಲಗಿದ್ದರು. ಜ್ವರ ಬಿಟ್ಟು ತಿಂಗಳುಗಳಾದರೂ ಕೀಲುನೋವು ಉಳಿಯುವುದು ಆ ರೋಗದ ಗುಣ. ರಕ್ತಕಣಗಳ ಎಣಿಕೆ, ಇಎಸ್‌ಆರ್, ಸಿಆರ್‌ಪಿ, ಟಿಎಸ್‌ಎಚ್ ಪರೀಕ್ಷೆಗಳು ಸಾಮಾನ್ಯವಾಗಿ ಸಾಕು. ಸಂಶಯವೇ ಇಲ್ಲದಾಗ ಸಂಧಿವಾತದ ದುಬಾರಿ ಪರೀಕ್ಷೆಗಳ ಕಟ್ಟು ಮಾಡಿಸುವುದು ದುಡ್ಡಿಗೆ ದಂಡ. ಇನ್ನೊಂದು ಮಾತು: 2016ರ ಮಾನದಂಡದ ಪ್ರಕಾರ ಬೇರೆ ಕಾಯಿಲೆ ಇದ್ದ ಮಾತ್ರಕ್ಕೆ ಫೈಬ್ರೊಮಯಾಲ್ಜಿಯಾ ಇಲ್ಲವೆಂದಾಗದು. ಆಮವಾತ ಇರುವವರಿಗೆ ಇದೂ ಸೇರಿಕೊಂಡಿರಬಹುದು.

ತಿಂಗಳಿಂದ ತಿಂಗಳಿಗೆ

ಈ ನೋವು ಒಂದೇ ಸಮ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಏರಿದ ದಿನ ಆಸ್ಪತ್ರೆಗೆ ಹೋದವರಿಗೆ ಔಷಧಿ ಕೆಲಸ ಮಾಡುತ್ತಿಲ್ಲ ಅನಿಸುತ್ತದೆ. ಇಳಿದ ದಿನ ಹೋದರೆ ವಾಸಿಯಾಯಿತು ಅನಿಸುತ್ತದೆ. ಎರಡೂ ಸುಳ್ಳಾಗಬಹುದು. ಅದಕ್ಕೇ ಬರೆದಿಡಬೇಕು.

ವೈದ್ಯರು ಬಳಸುವ ಪ್ರಸಿದ್ಧ ಪ್ರಶ್ನಾವಳಿ 1991ರಲ್ಲಿ ಬಂದು 2009ರಲ್ಲಿ ಪರಿಷ್ಕಾರಗೊಂಡಿತು. 21 ಪ್ರಶ್ನೆಗಳು, ಒಂದೊಂದಕ್ಕೂ 0ರಿಂದ 10, ಕಳೆದ 7 ದಿನಗಳ ಲೆಕ್ಕ, ಮೊತ್ತವನ್ನು ಭಾಗಿಸಿ 100ಕ್ಕೆ ಹೊಂದಿಸುತ್ತಾರೆ. ಒಟ್ಟು ಅಂಕ ಸುಮಾರು ಶೇಕಡಾ 14ರಷ್ಟು ಬದಲಾದರೆ ರೋಗಿಗೆ ಅದು ನಿಜವಾಗಿ ತಿಳಿಯುವ ಬದಲಾವಣೆ ಎನ್ನುತ್ತಾರೆ. ನೋವೊಂದನ್ನೇ ಹಿಡಿದರೆ ಶೇಕಡಾ 30ರಷ್ಟು ಇಳಿಯಬೇಕು. ಆದರೆ ಆ ಪ್ರಶ್ನಾವಳಿಯಲ್ಲಿ ಕುರ್ಚಿಯಲ್ಲಿ 45 ನಿಮಿಷ ಕೂರುವುದು, ಸಾಮಾನಿನ ಚೀಲ ಹೊರುವುದು ಮುಂತಾದ ಪ್ರಶ್ನೆಗಳಿವೆ. ನೆಲದಲ್ಲಿ ಕೂತು ದುಡಿಯುವವರಿಗೆ ಕುರ್ಚಿಯ ಪ್ರಶ್ನೆಯಿಂದ ಏನು ತಿಳಿದೀತು? ನಮ್ಮ ಪ್ರಶ್ನೆಗಳು ನಮ್ಮ ಕೆಲಸದಿಂದಲೇ ಬರಬೇಕು.

ನೂಲುವವರ ಬಳಿ ಅಂಥ ಲೆಕ್ಕ ಆಗಲೇ ಇದೆ. ಖಾದಿಯಲ್ಲಿ ನೂಲಿನ ಕೂಲಿ ಲಡಿ ಲೆಕ್ಕದಲ್ಲಿ. ಒಂದು ಲಡಿ ಎಂದರೆ 1000 ಮೀಟರ್ ನೂಲು. ವಾರಕ್ಕೆ ಎಷ್ಟು ಲಡಿ ಎಂಬುದನ್ನು ನೋವಿನ ಅಂಕದ ಪಕ್ಕ ಬರೆದರೆ ಯಾವ ಪ್ರಶ್ನಾವಳಿಯೂ ಕೊಡದ ಮಾಹಿತಿ ಸಿಗುತ್ತದೆ. ಒಂದೇ ಎಚ್ಚರ: ಮನೆ ನಡೆಯಬೇಕೆಂದು ಹಲ್ಲು ಕಚ್ಚಿ ನೂತವರ ಲಡಿ ಇಳಿಯದೆಯೂ ಇರಬಹುದು.

ಮನೆಯಲ್ಲಿ ಇಡುವ ಪುಸ್ತಕಕ್ಕೆ ವಾರಕ್ಕೊಂದು ಸಾಲು ಸಾಕು. ನೋವು, ಸುಸ್ತು, ನಿದ್ದೆಗೆ 0ರಿಂದ 10ರಲ್ಲಿ ಒಂದೊಂದು ಅಂಕ, ಆ ವಾರದ ಕೆಲಸ, ತೆಗೆದುಕೊಂಡ ಗುಳಿಗೆ, ಮುಟ್ಟಿನ ದಿನ, ಎಷ್ಟು ನಡೆದರು ಎಂಬುದು. ಓದುಬರಹ ಬಾರದವರಿಗೆ ಮಕ್ಕಳೋ ಆಶಾ ಕಾರ್ಯಕರ್ತೆಯೋ ಕೇಳಿ ಬರೆಯಬಹುದು. ದಿನಕ್ಕೆ ನಾಲ್ಕು ಸಲ ಬರೆಯುವ ಚಟ ಬೇಡ; ನೋವನ್ನೇ ಕಾಯುತ್ತ ಕೂತರೆ ಅದು ಹೆಚ್ಚುತ್ತದೆ.

ಬರೆದದ್ದರಿಂದ ಏನು

ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಗಟ್ಟಿಯಾಗಿ ಶಿಫಾರಸು ಮಾಡಿರುವುದು ಒಂದನ್ನೇ, ವ್ಯಾಯಾಮವನ್ನು. ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ ಮೆಲ್ಲಗೆ ಏರಿಸುವುದು. ಮೊದಲ ವಾರಗಳಲ್ಲಿ ನೋವು ತುಸು ಹೆಚ್ಚಬಹುದು, ಅಲ್ಲೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪುಸ್ತಕದಲ್ಲಿ ಎರಡು ತಿಂಗಳ ಅಂಕ ಕಣ್ಣಮುಂದಿದ್ದರೆ ಬಿಡದಿರಲು ಕಾರಣ ಸಿಗುತ್ತದೆ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರೆಗಾಬಲಿನ್ ಕೆಲವರಿಗೆ ಒಗ್ಗುತ್ತವೆ, ವೈದ್ಯರ ಮಾತಿನ ಮೇಲೆ ಮಾತ್ರ. ಡೈಕ್ಲೊಫೆನಾಕ್ ಸೂಜಿ, ಸ್ಟಿರಾಯ್ಡ್ ಗುಳಿಗೆಗಳಿಂದ ಈ ಕಾಯಿಲೆಗೆ ಪ್ರಯೋಜನವಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಮೂಳೆಗೂ ಹಾನಿಯಿದೆ. ಬೇಸರ ಹೆಚ್ಚಿ ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಯಬಾರದ ಲಕ್ಷಣಗಳು

ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕೀಲು ಊದಿ ಬಿಸಿಯಾಗುವುದು, ಕೈಕಾಲಿನ ಬಲ ಕುಂದುವುದು, ಮೂತ್ರ ಹಿಡಿತ ತಪ್ಪುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಭುಜ–ಸೊಂಟ ಬಿಗಿಯುವುದು ಫೈಬ್ರೊಮಯಾಲ್ಜಿಯಾದ ಲಕ್ಷಣಗಳಲ್ಲ. ಇವುಗಳಲ್ಲಿ ಒಂದು ಕಂಡರೂ ಮೂರು ತಿಂಗಳು ತುಂಬಲೆಂದು ಕಾಯದೆ ನಂಜನಗೂಡಿನ ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ದೊಡ್ಡ ಆಸ್ಪತ್ರೆಗೋ ಆ ವಾರವೇ ಹೋಗಿ; ಕೈಕಾಲಿನ ಬಲ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ ಆ ದಿನವೇ.